ಸೀಟಿಯಕ್ಕನ ಊಹೂಂ

"ಅವಳ ಒಳ್ಳೇದಕ್ಕೇ" ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ನಿನ್ನ ಕೆಟ್ಟದ್ದಕ್ಕೆ ಎಂದು ಹೇಳಿ ಯಾರೂ ಯಾರ ಬಾಳನ್ನೂ ಹಾಳು ಮಾಡಿದ್ದನ್ನು ನಾನು ಕಂಡಿಲ್ಲ. ಹಾಳು ಮಾಡುವವರೆಲ್ಲ ಒಳ್ಳೇದಕ್ಕೇ ಬರುತ್ತಾರೆ, ಬಾಗಿಲು ಮೆಲ್ಲಗೆ ತಟ್ಟಿ, ಮೆತ್ತಗೆ ಮಾತಾಡಿಕೊಂಡು. ನನಗೆ ಮೆತ್ತಗೆ ಮಾತಾಡಲು ಬರುವುದಿಲ್ಲ. ನಾನು ಸಿಟಿ ಬಸ್ ಡ್ರೈವರು, ಹಾರ್ನಿನ ಮೇಲೆ ಕೈಯಿಟ್ಟೇ ಅರ್ಧ ಆಯುಷ್ಯ ಕಳೆದವನು. ಈಗ ಹೇಳಹೊರಟಿರುವುದು ನನ್ನ ಬಸ್ಸಿನ ಕಂಡಕ್ಟರಮ್ಮನ ಕತೆ. ರೂಟಿನ ಜನರೆಲ್ಲ ಅವಳನ್ನು ಸೀಟಿಯಕ್ಕ ಎಂದೇ ಕರೆಯುತ್ತಿದ್ದರು.

ಬಸ್ಸೆಂದರೆ ಡ್ರೈವರಿನದು ಎಂದು ಜನ ತಿಳಿದಿದ್ದಾರೆ. ಸುಳ್ಳು. ಡ್ರೈವರಿನ ಕೈಯಲ್ಲಿರುವುದು ಸ್ಟೀರಿಂಗ್ ಮಾತ್ರ, ಬಸ್ಸು ಕಂಡಕ್ಟರಿನದು. ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಹಿಂಬಾಗಿಲಲ್ಲಿ ಯಾರ ಕಾಲು ಇನ್ನೂ ನೆಲದ ಮೇಲಿದೆ, ಯಾರ ಚೀಲ ಸಿಕ್ಕಿಕೊಂಡಿದೆ ಎಂಬುದು ನನಗೆ ಕಾಣುವುದಿಲ್ಲ, ಅವಳಿಗೆ ಕಾಣುತ್ತದೆ. ಹಾಗಾಗಿ ಸೀಟಿ ಕೇಳಿದ ಮೇಲೆ ಯಾಕೆ, ಏನು ಎನ್ನುವ ಹಾಗಿಲ್ಲ. ವರ್ಷಗಟ್ಟಲೆ ಅವಳ ಸೀಟಿಗೆ ಬಸ್ಸು ಓಡಿಸಿ ಓಡಿಸಿ, ಅದು ಕಿವಿಯಿಂದ ನೇರ ನನ್ನ ಬಲಗಾಲಿಗೇ ಇಳಿಯುತ್ತಿತ್ತು. ತಲೆಗೆ ಆಮೇಲೆ ಗೊತ್ತಾಗುತ್ತಿತ್ತು.

"ತಲೆಗೆ ಹೋದ್ರೆ ಅಲ್ಲಿ ಯಾರೂ ಇರಲ್ಲ ಡ್ರೈವರಪ್ಪ, ಕಾಲಿಗೆ ಹೋಗೋದೇ ವಾಸಿ" ಎನ್ನುತ್ತಿದ್ದಳು.

ಕುಳ್ಳಿ. ಮೇಲಿನ ಕಂಬಿ ಅವಳಿಗೆ ಎಟುಕುತ್ತಿರಲಿಲ್ಲ. ಸೀಟುಗಳಿಗೆ ಸೊಂಟ ಆನಿಸಿಕೊಂಡೇ ತುಂಬಿದ ಬಸ್ಸಿನಲ್ಲಿ ಈ ತುದಿಯಿಂದ ಆ ತುದಿಗೆ ನುಸುಳುತ್ತಿದ್ದಳು. "ಸೀಟಿಯಕ್ಕನ ಬಸ್ಸಲ್ಲಿ ಸೀಟು ಸಿಗಲ್ಲ, ಸೀಟಿ ಮಾತ್ರ ಸಿಗುತ್ತೆ" ಎಂದು ಕಾಲೇಜಿನವರು ರೇಗಿಸಿದರೆ, "ಸೀಟು ಬೇಕಾದ್ರೆ ಪರೀಕ್ಷೆ ಬರೀರಿ, ನನ್ನ ಹತ್ರ ಯಾಕೆ ಬರ್ತೀರಿ" ಎಂದು ತಿರುಗಿಸಿ ಕೊಡುತ್ತಿದ್ದಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೆದಕಿದವರಿಗೆ, "ನನ್ನ ಸ್ಟಾಪಲ್ಲಿ ಯಾರೂ ಕೈ ಅಡ್ಡ ಹಾಕ್ಲಿಲ್ಲ, ನಾನೂ ಬಸ್ ನಿಲ್ಲಿಸ್ಲಿಲ್ಲ" ಎನ್ನುವಳು.

ಅವಳಿಗೊಂದು ಹಟವಿತ್ತು. ಟಿಕೆಟ್ ಯಾರದೋ ಅವರನ್ನೇ ಕೇಳಬೇಕು. ಪಕ್ಕದವರು ಹೇಳಿದರೆ ಯಂತ್ರದ ಗುಂಡಿ ಒತ್ತುತ್ತಿರಲಿಲ್ಲ. ಒಂದು ದಿನ ಮಧ್ಯವಯಸ್ಸಿನ ಒಬ್ಬ ತನ್ನ ಮುದಿ ತಾಯಿಯನ್ನು ಹತ್ತಿಸಿಕೊಂಡು ಬಂದು, "ಎರಡು ದೊಡ್ಡಾಸ್ಪತ್ರೆ" ಎಂದ.

ಅಕ್ಕ ಅವನಿಗೊಂದು ಟಿಕೆಟ್ ಹರಿದು ಕೊಟ್ಟು ಅಜ್ಜಿಯ ಕಡೆ ತಿರುಗಿದಳು. "ಅಜ್ಜೀ, ನೀವೆಲ್ಲಿಗೆ?"

"ಮಾರ್ಕೆಟ್ಟಿಗಮ್ಮಾ. ಚಪ್ಪಲಿ ಕಿತ್ತೋಗಿದೆ."

"ರೀ, ಅವರಿಗೆ ತಲೆ ಸರಿ ಇಲ್ಲ, ನಾನು ಹೇಳಿದ್ದು ಕೊಡ್ರೀ" ಎಂದು ಮಗ ರೇಗಿದ.

"ತಲೆ ಸರಿ ಇಲ್ಲದೋರು ಈ ಬಸ್ಸಲ್ಲಿ ಬೇಕಾದಷ್ಟು ಜನ ಇದ್ದಾರೆ. ಮೊದಲನೆಯವನು ಸ್ಟೀರಿಂಗ್ ಹಿಡ್ಕೊಂಡು ಕೂತಿದಾನೆ. ಅವನನ್ನೂ ಆಸ್ಪತ್ರೆಗೆ ಸೇರಿಸ್ತೀರಾ?" ಎಂದಳು ಅಕ್ಕ. ಬಸ್ಸಿಗೆ ಬಸ್ಸೇ ನಕ್ಕಿತು. ಅಜ್ಜಿಯ ಕಾಲು ನೋಡಿದರೆ ಚಪ್ಪಲಿಯ ಉಂಗುಷ್ಠ ನಿಜವಾಗಿ ಕಿತ್ತುಹೋಗಿತ್ತು. ಮಾರ್ಕೆಟ್ಟಿನಲ್ಲಿ ಒಂದು ಸೀಟಿ ಬಿತ್ತು, ನಿಲ್ಲಿಸಿದೆ. ಅಜ್ಜಿ ಇಳಿದಳು. ಮಗ ಗೊಣಗುತ್ತ ಹಿಂದೆಯೇ ಇಳಿದ. ಇಂಥ ಹೆಂಗಸು ನಮ್ಮ ಸೀಟಿಯಕ್ಕ. ಇವಳನ್ನೇ ಆಮೇಲೆ ಏನೂ ಕೇಳಬೇಕಾಗಿಲ್ಲ ಎಂದು ತೀರ್ಮಾನ ಮಾಡಿದರು.

ಡಿಪೋದಲ್ಲಿ ಟಿಕೆಟ್ ಯಂತ್ರ ಒಪ್ಪಿಸುವ ಕಿಟಕಿಯ ಮುಂದೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಬಾಯಿ ಒಂದು ಕಡೆಗೆ ವಾಲಿತು. ಆಸ್ಪತ್ರೆಯಿಂದ ಗಾಲಿ ಕುರ್ಚಿಯಲ್ಲಿ ಮನೆಗೆ ಬಂದಾಗ ಅವಳ ಬಾಯಲ್ಲಿ ಉಳಿದದ್ದು ಒಂದೇ ಸದ್ದು: ಹೂಂ.

ಇಲ್ಲಿದೆ ನೋಡಿ ಅನ್ಯಾಯದ ಬೇರು. ನಮ್ಮ ಮಾತಿನಲ್ಲಿ ಹೌದು ಅನ್ನುವುದಕ್ಕೆ ಹೂಂ, ಅಲ್ಲ ಅನ್ನುವುದಕ್ಕೆ ಊಹೂಂ. ಹೌದಿಗೂ ಅಲ್ಲಕ್ಕೂ ನಡುವೆ ಇರುವುದು ಬಾಯಿ ಗುಂಡಗೆ ಮಾಡಿ ಎಳೆಯುವ ಒಂದು 'ಊ' ಮಾತ್ರ. ಹೂಂ ಮುಚ್ಚಿದ ಬಾಯಲ್ಲೂ ಮೂಗಿನಿಂದ ಹೊರಡುತ್ತದೆ, ವಾಲಿದ ತುಟಿಗೆ ಆ 'ಊ' ಬರುತ್ತಿರಲಿಲ್ಲ. ಅವಳು ಊಹೂಂ ಎಂದರೂ ಕೇಳುವವರಿಗೆ ಹೂಂ. ತಲೆಯಾಡಿಸಿ ಹೇಳೋಣವೆಂದರೆ ಲಕ್ವದ ನಂತರ ಕತ್ತು ಸದಾ ಸಣ್ಣಗೆ ಅಲ್ಲಾಡುತ್ತಲೇ ಇತ್ತು. ಪೆನ್ನು ಕೊಟ್ಟರೆ ಎಡಗೈಯಲ್ಲಿ ಗೆರೆ ಎಳೆದು, ಅದು ಅಕ್ಷರವಾಗದ್ದು ನೋಡಿ ಪೆನ್ನು ಎಸೆಯುತ್ತಿದ್ದಳು. ಆದರೆ ಒಳಗಿನ ಅಕ್ಕ ಇದ್ದ ಹಾಗೇ ಇದ್ದಳು. ಇಸ್ಪೀಟು ಆಡಿದರೆ ಎಡಗೈಯಲ್ಲೇ ನನ್ನನ್ನು ಸೋಲಿಸಿ, ಅರ್ಧ ಬಾಯಲ್ಲೇ ನಗುತ್ತಿದ್ದಳು. ನಾನು ಎಲೆ ಕದ್ದರೆ ಕೈಮೇಲೆ ಏಟು.

ಅವಳ ಮನೆ ಡಿಪೋ ಗೇಟಿನ ಎದುರಿಗೇ, ರಸ್ತೆಯ ಮಟ್ಟದಲ್ಲಿ. ಎರಡು ಕೋಣೆ. ಕಿಟಕಿಯ ಪಕ್ಕ ಕೂತರೆ ಒಳಬರುವ, ಹೊರಹೋಗುವ ಬಸ್ಸುಗಳೆಲ್ಲ ಕಾಣುತ್ತವೆ. ಪಕ್ಕದ ಮನೆಯ ಹೊಲಿಗೆಯಮ್ಮ ಸ್ನಾನ ಮಾಡಿಸಿ, ಅಡುಗೆ ಮಾಡಿಟ್ಟು ಹೋಗುತ್ತಿದ್ದಳು. ಡ್ಯೂಟಿ ಮುಗಿಸಿ ನಾನು ಬರುತ್ತಿದ್ದೆ. ಒಂದು ಸಂಜೆ ಗಾಲಿ ಕುರ್ಚಿಯನ್ನು ಹಿಂದಕ್ಕೆ ಎಳೆಯುತ್ತ ನಾನು ಏನೋ ಹರಟೆ ಹೊಡೆಯುತ್ತಿದ್ದೆ. ಹಿಂದೆ ಒಲೆಯ ಮೇಲೆ ನೀರು ಕುದಿಯುತ್ತಿದ್ದುದನ್ನು ನಾನು ನೋಡಲಿಲ್ಲ, ಅವಳಿಗೆ ಗೋಡೆಯ ಕನ್ನಡಿಯಲ್ಲಿ ಕಂಡಿದೆ. ಹೂಂ, ಹೂಂ ಎಂದಳು. ನನ್ನ ಮಾತಿಗೆ ಹೂಂಗುಟ್ಟುತ್ತಿದ್ದಾಳೆ ಎಂದುಕೊಂಡು ಇನ್ನೂ ಎಳೆದೆ. ಬಾಗಿಲ ಪಕ್ಕದ ಮೊಳೆಯಲ್ಲಿ ಅವಳ ಹಳೆಯ ಸೀಟಿ ದಾರದಲ್ಲಿ ನೇತಾಡುತ್ತಿತ್ತು. ಎಡಗೈ ಚಾಚಿ ಅದನ್ನು ಕಿತ್ತುಕೊಂಡು, ವಾಲಿದ ತುಟಿಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು ಊದಿದಳು. ಒಂದೇ ಸೀಟಿ. ಅರ್ಧ ಗಾಳಿ, ಅರ್ಧ ಸದ್ದು. ನನ್ನ ಬಲಗಾಲು ಅಡುಗೆಮನೆಯ ನೆಲವನ್ನು ಜೋರಾಗಿ ಒತ್ತಿತು. ಕುರ್ಚಿ ನಿಂತಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಅಕ್ಕಾ, ಕಾಫಿ ಕುಡೀತೀಯಾ?" ಎಂದೆ. ಎರಡು ಸೀಟಿ. "ಸಕ್ಕರೆ ಇನ್ನೊಂದು ಚಮಚ?" ಒಂದು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವಳು ನನ್ನ ಅಳುವಿಗೂ ಒಂದು ಸೀಟಿ ಊದಿದಳು, ಸಾಕು ನಿಲ್ಲಿಸು ಎಂದು. ಅಂದಿನಿಂದ ಸೀಟಿ ಅವಳ ಕೊರಳಲ್ಲೇ ಇರುತ್ತಿತ್ತು.

ಇನ್ನು ಅವಳ ತಮ್ಮನ ವಿಷಯ. ಅವನದು ಕನ್ನಡಕದ ಅಂಗಡಿ. ಊರಿಗೆಲ್ಲ ಕಣ್ಣು ಕಾಣುವ ಹಾಗೆ ಮಾಡುವವನಿಗೆ ಎದುರಿಗೆ ಕೂತ ಒಡಹುಟ್ಟಿದವಳು ಕಾಣಲಿಲ್ಲ. ಅವನು ದುಷ್ಟನಲ್ಲ, ದುಷ್ಟನಾಗಿದ್ದರೆ ಕೊರಳಪಟ್ಟಿ ಹಿಡಿದು ನಾನೇ ಬುದ್ಧಿ ಹೇಳುತ್ತಿದ್ದೆ. ವಾರವಾರ ಹಣ್ಣು ತಂದು, ಅಕ್ಕನ ತಲೆ ಸವರಿ, ಅವಳ ಮುಂದೆಯೇ ಅವಳ ಬಗ್ಗೆ ನನ್ನ ಜೊತೆ ಮಾತಾಡುತ್ತಿದ್ದ. "ಅಕ್ಕ ಇಲ್ಲಿ ಒಬ್ಬಳೇ ಇರೋದು ಅಪಾಯ. ಊರಾಚೆ ಒಂದು ಆರೈಕೆ ಮನೆ ಇದೆ. ನಾನು ಕೋರ್ಟಿಗೆ ಅರ್ಜಿ ಹಾಕಿ ಪಾಲಕ ಆಗ್ತೀನಿ. ಆಮೇಲೆ ಎಲ್ಲ ಸಲೀಸು. ಅವಳ ಒಳ್ಳೇದಕ್ಕೇ."

"ಅಕ್ಕನ್ನ ಕೇಳಿದ್ರಾ?" ಎಂದೆ.

"ಏನಂತ ಕೇಳ್ಲಿ? ಎಲ್ಲಕ್ಕೂ ಹೂಂ ಅಂತಾಳೆ ಪಾಪ."

"ಸೀಟಿ ಕೊಟ್ಟು ಕೇಳಿ."

ಅವನು ನಕ್ಕ. ಆ ನಗು ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ.

ಸ್ವಂತ ನಿರ್ಧಾರ ತೆಗೆದುಕೊಳ್ಳುವ ಬುದ್ಧಿ ಅವಳಿಗೆ ಇದೆಯೋ ಇಲ್ಲವೋ ಎಂದು ನೋಡಲು ಡಾಕ್ಟರು ಮನೆಗೇ ಬಂದರು. ಅಂದು ತಮ್ಮ ಮುಂಚೆಯೇ ಬಂದು, ಮನೆ ಗುಡಿಸಿ, ಅಕ್ಕನ ತಲೆ ಬಾಚಿಸಿ, ಕೊರಳಲ್ಲಿದ್ದ ಸೀಟಿಯನ್ನು ತೆಗೆದು ಬೀರುವಿನ ಮೇಲಿಟ್ಟಿದ್ದ. ದೊಡ್ಡವರು ಬರುವಾಗ ಇದೇನು ಮಕ್ಕಳಾಟ ಎಂದು. ನಾನು ಬೀರುವಿನ ಕಡೆ ಹೆಜ್ಜೆಯಿಟ್ಟರೆ ಡಾಕ್ಟರು ಕೈ ಎತ್ತಿದರು. "ನೀವು ಸುಮ್ನೆ ನಿಂತ್ಕೊಳ್ಳಿ. ಅವರು ಮಾತಾಡ್ಲಿ."

"ಅಮ್ಮಾ, ಇವತ್ತು ಭಾನುವಾರಾನಾ?" ಅಂದು ಬುಧವಾರ.

"ಹೂಂ."

"ಇವರು ನಿಮ್ಮ ತಮ್ಮಾನಾ?"

"ಹೂಂ."

"ಇವರು ನಿಮ್ಮ ಅಪ್ಪಾನಾ?"

ಅಕ್ಕ ಕಣ್ಣರಳಿಸಿ ಅವರನ್ನೇ ನೋಡಿದಳು. ಇಂಥ ಪ್ರಶ್ನೆ ಬಸ್ಸಿನಲ್ಲಿ ಯಾರಾದರೂ ಕೇಳಿದ್ದರೆ ಇಳಿಸಿಬಿಡುತ್ತಿದ್ದಳು. "ಹೂಂ!"

"ಆರೈಕೆ ಮನೆಗೆ ಹೋಗ್ತೀರಾ?"

"ಹೂಂ! ಹೂಂ! ಹೂಂ!" ಎಡಗೈಯಿಂದ ಕುರ್ಚಿಯ ಹಿಡಿಯನ್ನು ಬಡಿದಳು. ಕಣ್ಣಲ್ಲಿ ನೀರು ಬಂತು.

ಡಾಕ್ಟರು ಏನು ಬರೆದರು ಗೊತ್ತೇ? ಈಕೆಗೆ ಪ್ರಶ್ನೆ ಅರ್ಥವಾಗುವುದಿಲ್ಲ, ಬೇಗ ಉದ್ರೇಕಗೊಳ್ಳುತ್ತಾರೆ, ನಿರ್ಧಾರ ತೆಗೆದುಕೊಳ್ಳುವ ಸಾಮರ್ಥ್ಯವಿಲ್ಲ. ಕೆಳಗೆ ಇನ್ನೊಂದು ಸಾಲು: ಆರೈಕೆ ಮನೆಗೆ ಹೋಗಲು ಒಪ್ಪಿದ್ದಾರೆ. ಅಲ್ಲ ಸ್ವಾಮಿ, ಬುದ್ಧಿಯಿಲ್ಲದವಳ ಒಪ್ಪಿಗೆ ನಿಮಗ್ಯಾಕೆ? ಒಪ್ಪಿಗೆ ಕೊಡುವಷ್ಟು ಬುದ್ಧಿ ಇದ್ದರೆ ಪಾಲಕ ಯಾಕೆ? ಅದೇ ಬಾಯಿ, ಅದೇ ಹೂಂ. ನಿಮಗೆ ಬೇಕಾದ ಕಡೆ ಅದು ಒಪ್ಪಿಗೆ, ಬೇಡದ ಕಡೆ ಬುದ್ಧಿಭ್ರಮೆ!

ಆ ಕಾಗದದ ಮೇಲೆ ತಮ್ಮನಿಗೆ ತಾತ್ಕಾಲಿಕ ಪಾಲಕತ್ವ ಸಿಕ್ಕಿತು. ಮುಂದಿನ ವಿಚಾರಣೆಯವರೆಗೆ ಅವನು ಹೇಳಿದ್ದೇ ಅವಳು ಹೇಳಿದ್ದು. ನಾನು ಡ್ಯೂಟಿಯಲ್ಲಿದ್ದಾಗ, ನಾನು ಮತ್ತೆ ಕೊರಳಿಗೆ ಹಾಕಿದ್ದ ಸೀಟಿಯ ಸಮೇತ, ಅವಳನ್ನು ಕರೆದುಕೊಂಡು ಹೋದರು.

ರಜೆಯ ದಿನ ಹುಡುಕಿಕೊಂಡು ಹೋದೆ. ಚೊಕ್ಕಟವಾದ ಜಾಗ, ಒಪ್ಪುತ್ತೇನೆ. ಹೊಳೆಯುವ ನೆಲ, ಫಿನಾಯಿಲ್ ವಾಸನೆ, ಸಾಲಾಗಿ ಕುರ್ಚಿಗಳು, ಎಲ್ಲವೂ ಟಿವಿಗೆ ಮುಖ ಮಾಡಿದವು. ಕಿಟಕಿಯಾಚೆ ಕಾಂಪೌಂಡ್ ಗೋಡೆ. ಅಕ್ಕ ಮೂರನೆಯ ಕುರ್ಚಿಯಲ್ಲಿದ್ದಳು. ಅವಳ ಕೂದಲನ್ನು ಕತ್ತರಿಸಿಬಿಟ್ಟಿದ್ದರು. ನನ್ನನ್ನು ಕಂಡವಳೇ ಎಡಗೈಯಿಂದ ತನ್ನ ಕೊರಳು ಮುಟ್ಟಿ ತೋರಿಸಿದಳು. ಸೀಟಿ ಇರಲಿಲ್ಲ.

ಮೇಲ್ವಿಚಾರಕಿಯನ್ನು ಕೇಳಿದೆ.

"ಅದಾ? ತೆಗೆದಿಟ್ಟಿದ್ದೀವಿ. ಹೊತ್ತಿಲ್ಲ ಗೊತ್ತಿಲ್ಲ, ಊದ್ತಾನೇ ಇದ್ರು. ಬೇರೆಯವರಿಗೆ ತೊಂದರೆ."

"ಯಾವಾಗ ಊದ್ತಿದ್ರು?"

"ಕೂದಲು ಕತ್ತರಿಸೋವಾಗ. ತುತ್ತು ತಿನ್ನಿಸೋವಾಗ. ಸ್ನಾನಕ್ಕೆ ಗಂಡಸರು ಎತ್ಕೊಂಡು ಹೋಗೋವಾಗ."

"ಒಂದು ಸೀಟಿನಾ, ಎರಡಾ?"

"ಅದನ್ನೆಲ್ಲ ಯಾರು ಎಣಿಸ್ತಾರೆ ರೀ? ಅವರ ಒಳ್ಳೇದಕ್ಕೇ ತೆಗೆದಿಟ್ಟಿರೋದು."

ಎಡಗೈಯಲ್ಲಿ ತಾನೇ ಅನ್ನ ಕಲಸಿ ತಿನ್ನುತ್ತಿದ್ದವಳ ಬಾಯಿಗೆ ತುರುಕುತ್ತಾರಂತೆ. ಪರಗಂಡಸರು ಮುಟ್ಟಿದರೆ ನಿಲ್ಲಿಸಿ ಎಂದು ಊದಿದ್ದಾಳೆ, ಒಂದೊಂದು ಸಲವೂ ನಿಲ್ಲಿಸಿ ಎಂದೇ ಊದಿದ್ದಾಳೆ. ಒಬ್ಬರೂ ಬ್ರೇಕ್ ಒತ್ತಲಿಲ್ಲ. ಕೊನೆಗೆ ಸೀಟಿಯನ್ನೇ ಕಿತ್ತುಕೊಂಡರು. ಅಂದು ನಾನು ಅಲ್ಲಿ ಕಿರುಚಾಡಿದ್ದಕ್ಕೆ ನನ್ನನ್ನು ಕಾವಲುಗಾರ ಗೇಟಿನ ಹೊರಗೆ ದಬ್ಬಿದ. ದಬ್ಬಲಿ. ಆ ಕಿರುಚಾಟಕ್ಕೆ ನನಗೆ ನಾಚಿಕೆಯಿಲ್ಲ.

ಮರುದಿನವೇ ವಕೀಲರೊಬ್ಬರನ್ನು ಹಿಡಿದೆ. "ತಮ್ಮ ಬೇಡ ಅಂದ್ರೆ ಸಾಲದು, ಬೇರೆ ಯಾರು ಅಂತ ಹೇಳ್ಬೇಕಾಗುತ್ತೆ" ಎಂದರು. "ಯಾರು ಅಂದ್ರೆ? ನಾನು!" ಎಂದೆ. ನನ್ನನ್ನೇ ಪಾಲಕನನ್ನಾಗಿ ಮಾಡಿ ಎಂದು ಅರ್ಜಿ ಬಿತ್ತು. ಎದೆಯುಬ್ಬಿಸಿಕೊಂಡು ಓಡಾಡಿದೆ.

ವಿಚಾರಣೆಯ ದಿನ ಬೆಳಿಗ್ಗೆ ಡಿಪೋಗೆ ಹೋಗಿ, ಈಗ ನನ್ನ ಬಸ್ಸಿನಲ್ಲಿರುವ ಕಂಡಕ್ಟರ್ ಹೆಂಗಸನ್ನು ಒಂದು ಸೀಟಿ ಕೇಳಿದೆ. ತನ್ನ ಕೊರಳಿಂದಲೇ ಬಿಚ್ಚಿ ಕೊಟ್ಟಳು. "ತಗೊಳ್ಳಿ ಅಣ್ಣಾ. ಇವತ್ತು ಬಾಯಲ್ಲೇ ಕೂಗ್ತೀನಿ."

ಕೋರ್ಟಿನ ಕೋಣೆ ನಾನು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ. ಉದ್ದನೆಯ ಬೆಂಚುಗಳು, ಕಿರ್ರೆನ್ನುವ ಫ್ಯಾನು, ಹೊಸ್ತಿಲು ಎತ್ತರ. ಅಕ್ಕನ ಕುರ್ಚಿಯನ್ನು ನಾಲ್ಕು ಜನ ಎತ್ತಿ ಒಳಗಿಟ್ಟರು. ನ್ಯಾಯಾಧೀಶೆ ನಡುವಯಸ್ಸಿನವರು, ಗಂಟಲು ಕೆಟ್ಟಿತ್ತು, ಪದೇ ಪದೇ ಬಿಸಿನೀರು ಕುಡಿಯುತ್ತಿದ್ದರು.

"ಅಮ್ಮಾ, ನೀವು ಆರೈಕೆ ಮನೇಲಿ ಆರಾಮಾಗಿದ್ದೀರಾ?" ಎಂದು ಕೇಳಿದರು.

"ಹೂಂ."

"ಗಮನಿಸಬೇಕು ಮೇಡಂ, ಆರಾಮಾಗಿದ್ದಾರೆ" ಎಂದ ತಮ್ಮನ ವಕೀಲ.

"ಅದು ಹೂಂ ಅಲ್ಲ, ಊಹೂಂ!" ಎಂದು ನಾನು ಹಿಂದಿನಿಂದ ಕೂಗಿದೆ. ಬೆಂಚಿನಲ್ಲಿದ್ದವರೆಲ್ಲ ನಕ್ಕರು. ನ್ಯಾಯಾಧೀಶೆ ನಗಲಿಲ್ಲ. "ಇನ್ನೊಂದ್ಸಲ ಕೂಗಿದ್ರೆ ಹೊರಗೆ ಕಳಿಸ್ತೀನಿ. ಏನದು, ಸರಿಯಾಗಿ ಹೇಳಿ."

ಹೇಳಿದೆ. 'ಊ' ಹೋದದ್ದು, ಸೀಟಿ, ಒಂದಕ್ಕೆ ನಿಲ್ಲುವುದು, ಎರಡಕ್ಕೆ ಹೊರಡುವುದು, ಎಲ್ಲ. ಅವರು ಒಂದು ಗುಟುಕು ಬಿಸಿನೀರು ಕುಡಿದು, ಸೀಟಿ ಕೊಡಿ ಎಂದರು. ಅಕ್ಕ ಸೀಟಿಯನ್ನು ಕೈಗೆ ತೆಗೆದುಕೊಂಡು, ಸೆರಗಿನಲ್ಲಿ ಒರೆಸಿ, ತುಟಿಯನ್ನು ಬೆರಳಲ್ಲಿ ಒತ್ತಿ ಹಿಡಿದು ಕಾದಳು.

"ನೀವು ಕಂಡಕ್ಟರ್ ಆಗಿದ್ರಾ?" ಎರಡು.

"ಡಾಕ್ಟರ್ ಆಗಿದ್ರಾ?" ಒಂದು.

"ಇವತ್ತು ಭಾನುವಾರ ಅಲ್ಲ, ಅಲ್ವಾ?" ಎಂದು ತಿರುಚಿ ಕೇಳಿದರು. ಅಕ್ಕ ಒಂದು ಗಳಿಗೆ ತಡೆದು ಎರಡು ಊದಿದಳು.

"ಆರೈಕೆ ಮನೇಲಿ ಇರ್ತೀರಾ?"

ಒಂದು. ಎಷ್ಟು ಜೋರಾಗಿ ಊದಿದಳೆಂದರೆ ಹೊರಗಿನ ಪೊಲೀಸಪ್ಪ ಬಾಗಿಲಲ್ಲಿ ಇಣುಕಿದ.

"ನಿಮ್ಮ ಮನೇಲಿ ಇರ್ತೀರಾ? ಒಬ್ಬರೇ ಇರುವಾಗ ಬಿದ್ರೆ ಅಪಾಯ ಇದೆ, ಗೊತ್ತಾ?"

ಎರಡು. ಸ್ವಲ್ಪ ಬಿಟ್ಟು, ಮತ್ತೆ ಎರಡು.

ತಮ್ಮ ಎದ್ದು ನಿಂತ. ಅವನ ಮುಖ ಬಿಳಚಿಕೊಂಡಿತ್ತು. "ಅಕ್ಕಾ, ನಾನು ನಿನ್ನ ಒಳ್ಳೇದಕ್ಕೇ ಕಣೇ..." ಮುಗಿಸಲು ಬಿಡಲಿಲ್ಲ. ಒಂದು ಸೀಟಿ. ಅವನು ಬಾಯಿ ತೆರೆದುಕೊಂಡೇ ಕೂತ. ಬಾ ಮಗನೇ, ಈಗ ನಗು ಎಂದು ಮನಸ್ಸಿನಲ್ಲೇ ಕುಣಿದೆ.

ನ್ಯಾಯಾಧೀಶೆ ನನ್ನ ಕಡೆ ತಿರುಗಿದರು. "ಹಾಗಾದ್ರೆ ನಿಮ್ಮ ಅರ್ಜಿ. ಇವರಿಗೆ ನೀವು ಪಾಲಕರಾಗ್ಬೇಕು ಅಂತ?"

"ಹೌದು ಮೇಡಂ" ಎಂದು ಎದ್ದೆ. ಗೆದ್ದ ಹುಮ್ಮಸ್ಸು ನೆತ್ತಿಗೇರಿತ್ತು. "ಇನ್ಮೇಲೆ ಅಕ್ಕನದೆಲ್ಲ ನಾನೇ ನೋಡ್ಕೋತೀನಿ. ಅವಳು ಎಲ್ಲಿರ್ಬೇಕು, ಏನು ತಿನ್ಬೇಕು, ಯಾವ ಡಾಕ್ಟರು, ಯಾರು ಮನೆಗೆ ಬರ್ಬೇಕು, ಯಾರು ಬರ್ಬಾರ್ದು, ಎಲ್ಲ ನಾನೇ ತೀರ್ಮಾನ ಮಾಡ್ತೀನಿ. ಅವಳ ತಮ್ಮನ್ನ ಹೊಸ್ತಿಲೂ ತುಳಿಯೋಕೆ ಬಿಡಲ್ಲ. ಎಲ್ಲ ಅವಳ ಒಳ್ಳೇದಕ್ಕೇ..."

ಒಂದು ಸೀಟಿ.

ನನ್ನ ಬಲಗಾಲು ಕೋರ್ಟಿನ ನೆಲವನ್ನು ಒತ್ತಿತು. ಮಾತು ಅಲ್ಲೇ ನಿಂತಿತು. ಯಾಕೆ, ಏನು ಎಂದು ತಲೆಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ತಿರುಗಿ ನೋಡಿದರೆ ಅಕ್ಕ ನನ್ನನ್ನೇ ನೋಡುತ್ತಿದ್ದಳು, ಅಜ್ಜಿಗೆ ಟಿಕೆಟ್ ಕೇಳಿದ್ದ ಆ ಮಗನನ್ನು ನೋಡಿದ್ದ ಅದೇ ಕಣ್ಣಿನಲ್ಲಿ. ಅರ್ಜಿ ಹಾಕುವಾಗ ನಾನು ಅವಳನ್ನು ಕೇಳಿರಲಿಲ್ಲ. ಕೇಳಬೇಕು ಎಂದು ನನಗೆ ಹೊಳೆದೂ ಇರಲಿಲ್ಲ. ಆ ಹಾಳು ಮಾತು ನನ್ನ ಬಾಯಲ್ಲೇ ಬಂದಿತ್ತು. ಮೈ ಉರಿಯಿತು, ಈ ಸಲ ನನ್ನ ಮೇಲೆ.

"ಅಮ್ಮಾ," ನ್ಯಾಯಾಧೀಶೆ ಕೇಳಿದರು, "ತಮ್ಮನೂ ಬೇಡ, ಇವರೂ ಬೇಡ. ನಿಮ್ಮ ವಿಷಯ ನೀವೇ ಹೇಳ್ತೀರಾ? ಬೇಕಾದಾಗ ಇವರಿಬ್ಬರ ಸಹಾಯ ತಗೋತೀರಾ?"

ಅಕ್ಕ ನನ್ನನ್ನು ನೋಡಿದಳು, ತಮ್ಮನನ್ನು ನೋಡಿದಳು. ಎರಡು ಸೀಟಿ ಊದಿದಳು.

ಎರಡೂ ಅರ್ಜಿಗಳನ್ನು ಬದಿಗಿಟ್ಟರು. ಮಾತು ಕಲಿಸುವ ತಜ್ಞರು ಸೀಟಿಯ ಸಮೇತ ಹೊಸದಾಗಿ ಪರೀಕ್ಷೆ ಮಾಡಬೇಕು, ಅಲ್ಲಿಯವರೆಗೆ ತಾತ್ಕಾಲಿಕ ಪಾಲಕತ್ವ ರದ್ದು, ಆಕೆ ತನ್ನ ಮನೆಯಲ್ಲೇ ಇರಲಿ ಎಂದು ಆದೇಶವಾಯಿತು. ಪರೀಕ್ಷೆ ಇನ್ನೂ ಆಗಬೇಕು. ಕತ್ತರಿಸಿದ ಕೂದಲಿಗೆ, ತುರುಕಿದ ತುತ್ತಿಗೆ, ಸ್ನಾನದ ಕೋಣೆಯಲ್ಲಿ ಯಾರೂ ಕೇಳದ ಆ ಸೀಟಿಗಳಿಗೆ ಯಾವ ಆದೇಶವೂ ಆಗಲಿಲ್ಲ. ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಇಲ್ಲ.

ಹೊರಗಿನ ಮೊಗಸಾಲೆಯಲ್ಲಿ ಅವಳ ಕುರ್ಚಿಯ ಹಿಡಿಗೆ ಕೈಹಾಕಿದೆ. ತಳ್ಳಲು ಹೋದವನು ತಡೆದೆ. "ಅಕ್ಕಾ, ಎಲ್ಲಿಗೆ?" ಎಂದೆ. "ಮನೆಗಾ?" ಸೀಟಿ ಬಾಯಲ್ಲೇ ಇತ್ತು, ಊದಲಿಲ್ಲ. ಸಿಟ್ಟು ಬಂದಿತ್ತು ಅವಳಿಗೆ, ನನ್ನ ಮೇಲೆ. ತಮ್ಮ ಸ್ವಲ್ಪ ದೂರದಲ್ಲಿ ಕನ್ನಡಕ ಒರೆಸುತ್ತ ನಿಂತಿದ್ದ. ಕರಿಕೋಟಿನವರು, ಫೈಲು ಹೊತ್ತವರು ನಮ್ಮನ್ನು ಬಳಸಿಕೊಂಡು ಹೋದರು. "ದಾರಿ ಬಿಡ್ರೀ, ಮುಂದೆ ಹೋಗ್ರೀ" ಎಂದು ಯಾರೋ ಗದರಿದರು.

"ಸೀಟಿ ಬಿದ್ದಿಲ್ಲ ಸ್ವಾಮಿ" ಎಂದೆ. ಎರಡು ಬೀಳುವವರೆಗೆ ಅಲ್ಲೇ ನಿಂತಿದ್ದೆ.